ನೀರಿಗೂ ಒಂದು ಹೆಸರಿದೆ

ಮಕ್ಕಳೇ, ಕಣ್ಣು ಮುಚ್ಚಿಕೊಂಡು, ಎರಡೂ ಕಿವಿಗಳಿಗೆ ಹತ್ತಿ ಇಟ್ಟುಕೊಂಡು ಕುಳಿತಿದ್ದೀರಿ ಎಂದುಕೊಳ್ಳಿ. ಯಾರೋ ನಿಮ್ಮ ಕೈಗೆ ಒಂದು ಲೋಟ ಕೊಡುತ್ತಾರೆ. ಅದು ಲೋಟ ಎಂದು ಮುಟ್ಟಿದ ಕೂಡಲೇ ನಿಮಗೆ ಗೊತ್ತಾಗುತ್ತದೆ. ಏಕೆಂದರೆ ‘ಲೋಟ’ ಎಂಬ ಮಾತು ನಿಮ್ಮೊಳಗೆ ಮೊದಲೇ ಇದೆ. ಆ ಮಾತೇ ಇಲ್ಲದಿದ್ದರೆ? ಲೋಟ, ನೀರು, ಅಮ್ಮ, ನಾನು, ಇವಕ್ಕೆಲ್ಲ ಒಂದೊಂದು ಹೆಸರಿದೆ ಎಂಬುದೇ ಗೊತ್ತಿಲ್ಲದಿದ್ದರೆ?

ಅಂಥ ಒಬ್ಬ ಹುಡುಗಿಯ ಕಥೆ ‘ದಿ ಮಿರಾಕಲ್ ವರ್ಕರ್’ ಎಂಬ ಹಾಲಿವುಡ್ ಸಿನಿಮಾ. ಪವಾಡ ಮಾಡುವವಳು ಎಂದು ಅದರ ಅರ್ಥ. 1962ರಲ್ಲಿ ಬಂದ ಕಪ್ಪು ಬಿಳುಪು ಚಿತ್ರ. ರಜೆಗೆ ಬಂದಿದ್ದ ಮೊಮ್ಮಗಳ ಜೊತೆ ಅದನ್ನು ನೋಡಿದೆ. ಬಣ್ಣವಿಲ್ಲ ಎಂದು ಮೊದಲು ಮೂತಿ ಉಬ್ಬಿಸಿದವಳು, ಅರ್ಧ ಗಂಟೆಯಲ್ಲಿ ಚಕ್ಕುಲಿ ತಿನ್ನುವುದನ್ನೇ ಮರೆತಿದ್ದಳು.

ಆ ಹುಡುಗಿ ಹೆಲೆನ್ ಕೆಲ್ಲರ್. ಹುಟ್ಟಿದ್ದು 1880ರಲ್ಲಿ, ಅಮೆರಿಕದ ಅಲಬಾಮಾ ರಾಜ್ಯದ ಟಸ್ಕಂಬಿಯಾ ಎಂಬ ಊರಿನಲ್ಲಿ. ಹತ್ತೊಂಬತ್ತು ತಿಂಗಳ ಕೂಸಾಗಿದ್ದಾಗ ಬಂದ ಕಾಯಿಲೆ ಅವಳ ಕಣ್ಣನ್ನೂ ಕಿವಿಯನ್ನೂ ಕಿತ್ತುಕೊಂಡಿತು. ಕಿವಿ ಕೇಳದ ಕೂಸಿಗೆ ಮಾತೂ ಬರಲಿಲ್ಲ. ಊಟದ ಹೊತ್ತಿಗೆ ಮೇಜಿನ ಸುತ್ತ ನಡೆದು ಎಲ್ಲರ ತಟ್ಟೆಗೂ ಕೈ ಹಾಕುತ್ತಿದ್ದಳು. ತಡೆದರೆ ಒದೆಯುತ್ತಿದ್ದಳು. ‘ಪಾಪ, ಅದಕ್ಕೇನು ಗೊತ್ತು’ ಎಂದು ಮನೆಯವರು ಸುಮ್ಮನಿದ್ದರು.

1887ರ ಮಾರ್ಚ್ 3ರಂದು ಆ ಮನೆಗೆ ಆನಿ ಸಲಿವನ್ ಎಂಬ ಶಿಕ್ಷಕಿ ಬಂದಳು. ವಯಸ್ಸು ಬರೀ ಇಪ್ಪತ್ತು. ಚಿಕ್ಕಂದಿನಲ್ಲಿ ಅವಳ ಕಣ್ಣೂ ಸರಿಯಾಗಿ ಕಾಣುತ್ತಿರಲಿಲ್ಲ. ತಾಯಿ ಸತ್ತ ಮೇಲೆ ತಮ್ಮನ ಜೊತೆ ಅನಾಥಾಲಯದಂಥ ಬಡವರ ಆಶ್ರಯಮನೆಗೆ ಸೇರಿದ್ದಳು. ತಮ್ಮ ಅಲ್ಲೇ ತೀರಿಹೋದ. ಮುಂದೆ ಬಾಸ್ಟನ್ನಿನ ಪರ್ಕಿನ್ಸ್ ಅಂಧರ ಶಾಲೆಯಲ್ಲಿ ಓದಿ, ಶಸ್ತ್ರಚಿಕಿತ್ಸೆಗಳಿಂದ ಸ್ವಲ್ಪ ದೃಷ್ಟಿ ಪಡೆದು, ಇಲ್ಲಿಗೆ ಬಂದಿದ್ದಳು. ಅವಳಿಗೆ ಹೆಲೆನ್ ಮೇಲೆ ‘ಪಾಪ’ ಎನ್ನಿಸಲೇ ಇಲ್ಲ. ಅದೇ ಈ ಕಥೆಯ ಗುಟ್ಟು.

ಊಟದ ಕೋಣೆಯ ದೃಶ್ಯ ನೋಡಬೇಕು. ಆನಿ ಮನೆಯವರನ್ನೆಲ್ಲ ಹೊರಗೆ ಕಳಿಸಿ ಬಾಗಿಲಿಗೆ ಬೀಗ ಹಾಕುತ್ತಾಳೆ. ಹೆಲೆನ್ ತನ್ನ ತಟ್ಟೆಯಲ್ಲೇ, ಚಮಚದಲ್ಲೇ ತಿನ್ನಬೇಕು ಎಂಬುದು ಅವಳ ಹಟ. ಹೆಲೆನ್ ಚಮಚ ಎಸೆಯುತ್ತಾಳೆ, ಆನಿ ಮತ್ತೊಂದನ್ನು ಕೈಗಿಡುತ್ತಾಳೆ. ಕುರ್ಚಿ ಉರುಳುತ್ತದೆ, ನೀರು ಚೆಲ್ಲುತ್ತದೆ, ಕೆನ್ನೆಗೆ ಏಟು ಬೀಳುತ್ತದೆ. ಎಂಟೊಂಬತ್ತು ನಿಮಿಷ ಒಂದು ಮಾತಿಲ್ಲ. ಕೊನೆಗೆ ಬಾಗಿಲು ತೆರೆದು ಬಂದ ಆನಿ, ಕಾಯುತ್ತಿದ್ದ ತಾಯಿಗೆ ಸುದ್ದಿ ಹೇಳುತ್ತಾಳೆ: ಕೋಣೆ ಹಾಳಾಗಿದೆ, ಆದರೆ ನಿಮ್ಮ ಮಗಳು ತನ್ನ ಕೈವಸ್ತ್ರವನ್ನು ತಾನೇ ಮಡಿಸಿದಳು. ಆ ಸಣ್ಣ ಸುದ್ದಿಗೆ ತಾಯಿಯ ಮುಖ ಹೇಗಾಗುತ್ತದೆ, ನೋಡಿಯೇ ತಿಳಿಯಬೇಕು.

ಇದು ಮೊದಲು ನಾಟಕ. ಬರೆದವರು ವಿಲಿಯಂ ಗಿಬ್ಸನ್. 1957ರಲ್ಲಿ ಟಿವಿಗಾಗಿ ಬರೆದದ್ದನ್ನು ರಂಗಕ್ಕೆ ಹೊಂದಿಸಿದರು. 1959ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ರಂಗಮಂದಿರದಲ್ಲಿ ಶುರುವಾಗಿ ಏಳುನೂರಕ್ಕೂ ಹೆಚ್ಚು ಪ್ರದರ್ಶನ ಕಂಡಿತು. ಆನಿಯಾಗಿ ಆನ್ ಬ್ಯಾಂಕ್ರಾಫ್ಟ್, ಹೆಲೆನ್ ಆಗಿ ಪ್ಯಾಟಿ ಡ್ಯೂಕ್ ಎಂಬ ಹುಡುಗಿ. ಆ ಜಗಳವನ್ನು ಅವರು ರಂಗದ ಮೇಲೆ ದಿನ ದಿನವೂ ಆಡಿದ್ದರು. ಸಿನಿಮಾ ಮಾಡುವಾಗ ಕಂಪನಿಯವರಿಗೆ ಹೆಸರುವಾಸಿ ತಾರೆ ಬೇಕಿತ್ತು. ನಿರ್ದೇಶಕ ಆರ್ಥರ್ ಪೆನ್ ಒಪ್ಪದೆ ರಂಗದ ಜೋಡಿಯನ್ನೇ ಉಳಿಸಿಕೊಂಡರು. ಇಬ್ಬರಿಗೂ ಆಸ್ಕರ್ ಬಂತು. ಪ್ಯಾಟಿಗೆ ಆಗ ಹದಿನಾರು ವರ್ಷ. 1979ರಲ್ಲಿ ಇದೇ ಕಥೆ ಮತ್ತೆ ಟಿವಿಗೆ ಬಂದಾಗ ಅದೇ ಪ್ಯಾಟಿ ಶಿಕ್ಷಕಿಯ ಪಾತ್ರ ಮಾಡಿದಳು!

ಆನಿ ಹೆಲೆನ್‌ಳ ಅಂಗೈಯಲ್ಲಿ ಬೆರಳಿನಿಂದ ಅಕ್ಷರಗಳ ಆಕಾರ ಮಾಡುತ್ತಿದ್ದಳು. ಗೊಂಬೆ ಕೊಟ್ಟು ಗೊಂಬೆಯ ಅಕ್ಷರಗಳು, ಕೇಕು ಕೊಟ್ಟು ಕೇಕಿನ ಅಕ್ಷರಗಳು. ಹೆಲೆನ್ ಅದನ್ನು ಬೇಗ ಕಲಿತು ಹಾಗೆಯೇ ಮಾಡಿ ತೋರಿಸಿದಳು. ಆದರೆ ಅದು ಅವಳಿಗೆ ಬೆರಳಿನ ಆಟ ಅಷ್ಟೇ. ಸಿನಿಮಾದಲ್ಲಿ ಅವಳು ಮನೆಯ ನಾಯಿಯ ಪಂಜ ಹಿಡಿದು ಅದಕ್ಕೂ ಅಕ್ಷರ ಕಲಿಸಲು ಹೋಗುತ್ತಾಳೆ. ಮೊಮ್ಮಗಳು ನಕ್ಕಳು. ನನಗೆ ನಗು ಬರಲಿಲ್ಲ.

ನನಗೆ ಒಬ್ಬ ತಂಗಿಯಿದ್ದಳು. ಹುಟ್ಟಿನಿಂದ ಕಿವಿ ಕೇಳಿಸದು. ಅರುವತ್ತು ಎಪ್ಪತ್ತು ವರ್ಷದ ಹಿಂದೆ ನಮ್ಮ ಹಳ್ಳಿಯ ಸುತ್ತ ಅಂಥ ಮಕ್ಕಳಿಗೆ ಶಾಲೆ ಇರಲಿಲ್ಲ. ಮನೆಯಲ್ಲಿ ಪ್ರೀತಿಗೆ ಕೊರತೆಯಿಲ್ಲ. ಬೆಲ್ಲದ ದೊಡ್ಡ ಚೂರು ಅವಳಿಗೇ. ಹೊಸ ಲಂಗ ಮೊದಲು ಅವಳಿಗೇ. ಮಾತು ಮಾತ್ರ ಯಾರೂ ಕೊಡಲಿಲ್ಲ, ಕೊಡಬಹುದು ಎಂದು ಯಾರಿಗೂ ಹೊಳೆದಿರಲಿಲ್ಲ. ರಂಗೋಲಿಯಲ್ಲಿ ಅವಳ ಕೈಗೆ ಸಮನಾದ ಕೈ ಊರಲ್ಲಿರಲಿಲ್ಲ.

ನಾನು ಬ್ಯಾಂಕಿಗೆ ಸೇರಿದ ಮೇಲೆ ಅವಳ ಹೆಸರಿಗೆ ಒಂದು ಉಳಿತಾಯ ಖಾತೆ ತೆರೆಯಬೇಕೆನಿಸಿತು. ಹೆಬ್ಬೆಟ್ಟು ಒತ್ತಿಸಲು ಮನಸ್ಸು ಬರಲಿಲ್ಲ. ಅವಳ ಹೆಸರಿನ ಮೂರು ಅಕ್ಷರಗಳನ್ನು ರಂಗೋಲಿ ಪುಡಿಯಲ್ಲೇ ಅಂಗಳದಲ್ಲಿ ಬರೆದು ತೋರಿಸಿದೆ. ವಾರದಲ್ಲಿ ನನಗಿಂತ ಅಂದವಾಗಿ ಬರೆದಳು, ಖಾತೆಯೂ ಆಯಿತು. ಆದರೆ ಅವಳಿಗೆ ಅದು ಮತ್ತೊಂದು ರಂಗೋಲಿ.

ಆಮೇಲೆ ರಜೆಗೆ ಊರಿಗೆ ಹೋದಾಗಲೆಲ್ಲ ಅಕ್ಷರ ತೋರಿಸಿ ಅವಳ ಎದೆ ಮುಟ್ಟುತ್ತಿದ್ದೆ, ನನ್ನ ಹೆಸರು ಬರೆದು ನನ್ನ ಎದೆ ಮುಟ್ಟುತ್ತಿದ್ದೆ. ಅವಳು ನಗುತ್ತಿದ್ದಳು. ಎರಡು ದೀಪಾವಳಿ ಕಳೆದವು. ಒಂದು ಬೆಳಿಗ್ಗೆ ಅಮ್ಮ ನನ್ನನ್ನು ಕೂಗಿದಳು. ಹೊಸಿಲ ಮುಂದೆ ಆ ಮೂರು ಅಕ್ಷರ. ಪಕ್ಕದಲ್ಲಿ ನಿಂತ ತಂಗಿ ತನ್ನ ಎದೆಯನ್ನು ತಟ್ಟಿಕೊಳ್ಳುತ್ತಿದ್ದಾಳೆ, ಅಕ್ಷರ ತೋರಿಸುತ್ತಿದ್ದಾಳೆ, ಮತ್ತೆ ಎದೆ ತಟ್ಟಿಕೊಳ್ಳುತ್ತಿದ್ದಾಳೆ. ಮರುಗಳಿಗೆ ಅಮ್ಮನ ಸೆರಗು ಹಿಡಿದೆಳೆದಳು: ಇವಳನ್ನು ಹೇಗೆ ಬರೆಯುವುದು? ಮಧ್ಯಾಹ್ನದೊಳಗೆ ಹಸು, ಬಾವಿ, ತುಳಸಿ ಎಲ್ಲವನ್ನೂ ಬರೆಸಿಕೊಂಡಳು. ಆಗ ಅವಳಿಗೆ ಇಪ್ಪತ್ತನಾಲ್ಕು ವರ್ಷ. ಈಗ ಅವಳಿಲ್ಲ. ನಮ್ಮ ಅಡುಗೆಮನೆಯ ಒಂದು ಡಬ್ಬಿಯ ಮೇಲೆ ಅವಳು ಬರೆದ ‘ಉಪ್ಪು’ ಇನ್ನೂ ಇದೆ.

ಹೆಲೆನ್‌ಗೆ ಆ ಗಳಿಗೆ ಬಂದದ್ದು 1887ರ ಏಪ್ರಿಲ್ 5ರಂದು, ನೀರಿನ ಪಂಪಿನ ಬಳಿ. ಒಂದು ಕೈ ಮೇಲೆ ತಣ್ಣೀರು ಸುರಿಯುತ್ತಿತ್ತು, ಇನ್ನೊಂದು ಕೈಯಲ್ಲಿ ಆನಿ ‘ನೀರು’ ಎಂಬುದರ ಇಂಗ್ಲಿಷ್ ಅಕ್ಷರಗಳನ್ನು ಬರೆಯುತ್ತಿದ್ದಳು. ಎರಡೂ ಒಂದೇ ಎಂದು ಹೊಳೆಯಿತು. ಆ ಹುಡುಗಿ 1904ರಲ್ಲಿ ಕಾಲೇಜು ಪದವಿ ಪಡೆದಳು, ಪುಸ್ತಕಗಳನ್ನು ಬರೆದಳು, ದೇಶ ದೇಶ ಸುತ್ತಿದಳು. 1955ರಲ್ಲಿ ನಮ್ಮ ಭಾರತಕ್ಕೂ ಬಂದಿದ್ದರು ಆ ಹಿರಿಯರು. ಆನಿ 1936ರಲ್ಲಿ ಕಣ್ಣು ಮುಚ್ಚುವವರೆಗೂ ಅವರ ಜೊತೆಗಿದ್ದಳು.

ಅಜ್ಜ ಅಜ್ಜಿಯರೇ, ನಮ್ಮ ಮಡಿಲಿನಲ್ಲಿ ‘ಪಾಪ’ ಎಂಬ ಮಾತಿಗೆ ಯಾವಾಗಲೂ ಜಾಗವಿರುತ್ತದೆ. ಮಗುವಿಗೆ ಅದು ಬೆಲ್ಲದಷ್ಟೇ ಸಿಹಿ. ಆದರೆ ಕಲಿಯುವುದು ಕಷ್ಟವಾದ ಮಗುವಿಗೆ ಬೆಲ್ಲದ ಜೊತೆ ಇನ್ನೊಂದೂ ಬೇಕು: ನಿನ್ನಿಂದ ಆಗುತ್ತದೆ ಎಂದು ನಂಬಿ, ನೂರು ಸಲ ಚಮಚ ಎತ್ತಿಕೊಡುವ ಒಂದು ಕೈ.

ಸಿನಿಮಾ ಸಿಕ್ಕರೆ ಮೊಮ್ಮಕ್ಕಳ ಜೊತೆ ಕುಳಿತು ನೋಡಿ. ಇಂಗ್ಲಿಷ್ ಮಾತು ಅರ್ಥವಾಗದ ಕಡೆ ಹೇಳಿಕೊಡಿ. ಪಂಪಿನ ದೃಶ್ಯ ಬಂದಾಗ ಮಾತ್ರ ಏನೂ ಹೇಳಬೇಡಿ. ಮಕ್ಕಳಿಗೆ ತಾವಾಗಿಯೇ ಗೊತ್ತಾಗುತ್ತದೆ.