ಮೈ ಇಳಿದರೆ ಮೌನವೇಕೆ?

ಉಪವಾಸವಿಲ್ಲದೆ, ಶ್ರಮ ಹೆಚ್ಚದೆ ಮೈ ಇಳಿದರೆ ‘ದೃಷ್ಟಿ ತಾಕಿದೆ’ ಎನ್ನುವುದು ನಮ್ಮ ಗಡಿಸೀಮೆಯ ವಾಡಿಕೆ. 60 ಕಿಲೊ ತೂಗುವವರು 6ರಿಂದ 12 ತಿಂಗಳೊಳಗೆ 3 ಕಿಲೊ ಇಳಿದರೆ ವೈದ್ಯರನ್ನು ಕಾಣಬೇಕು. ಸಿಹಿಮೂತ್ರ, ಥೈರಾಯ್ಡ್ ದೋಷ, ಕ್ಷಯ, ಕ್ಯಾನ್ಸರ್, ಮನೋವ್ಯಥೆ: ಕಾರಣ ಯಾವುದೂ ಇರಬಹುದು.

ನಮ್ಮ ಬಳಗದ ಅತ್ತಿಗೆಯೊಬ್ಬರ ಬಳೆಗಳು ಮೊಣಕೈಗೆ ಜಾರುತ್ತಿದ್ದರೂ, ಜನ ಕ್ಷಯವೆಂದಾರೆಂಬ ಭಯದಿಂದ, ಮಗಳ ಲಗ್ನ ಮುಗಿಯುವವರೆಗೆ ಅವರು ಬಾಯಿಬಿಡಲಿಲ್ಲ. ಕೊನೆಗೆ ಮಿರಜದಲ್ಲಿ ರಕ್ತ ಪರೀಕ್ಷಿಸಿದಾಗ ತಿಳಿದದ್ದು ಸಿಹಿಮೂತ್ರ.

ಕ್ಷಯವೇ ಆಗಿದ್ದರೂ ಅಂಜಬೇಕಿರಲಿಲ್ಲ. ಡಾ. ವಾನ್ಲೆಸ್ ಅವರು 1894ರಲ್ಲಿ ಆಸ್ಪತ್ರೆ ತೆರೆದ ಊರು ಮಿರಜ. ಸಾಂಗಲಿಯ ಹಾದಿಯ ವಾನ್ಲೆಸ್‌ವಾಡಿಯಲ್ಲಿ ಹಿಂದೆ ಕ್ಷಯರೋಗಿಗಳ ಆರೋಗ್ಯಧಾಮವಿತ್ತು. ಇಂದು ಸಾಮಾನ್ಯ ಕ್ಷಯಕ್ಕೆ ಮನೆಯಲ್ಲಿದ್ದುಕೊಂಡೇ 6 ತಿಂಗಳು ಔಷಧ ಸೇವಿಸಿದರೆ ಸಾಕು. ಸರಕಾರಿ ದವಾಖಾನೆಯಲ್ಲಿ ಅದು ಉಚಿತ.

ಮರೆಮಾಚಿದ ರೋಗವೇ ಮನೆಗೆ ಭಾರ. ಅದರ ಹೆಸರು ಬೇಗ ತಿಳಿದಷ್ಟೂ ಮದ್ದು ಹತ್ತಿರ.