ನೆಲವೇ ಡೊಂಕಿತ್ತು

ನಮ್ಮ ಕಡೆ ಕೀಲಿ ಎಂಬುದು ಬರೀ ಕಬ್ಬಿಣದ ವಸ್ತುವಲ್ಲ. ಕೀಲಿಕೈ ಯಾರ ಸೊಂಟದಲ್ಲಿದೆಯೋ ಮನೆ ಅವಳದು. ನನ್ನ ಅತ್ತೆಯವರು ಕೀಲಿಕೈ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ನಲವತ್ತು ವರ್ಷ ಸಂಸಾರ ಮಾಡಿದರು. ಕೊನೆಗಾಲಕ್ಕೆ ಅವರಿಗೆ ಮರೆವು ಬಂತು. ಗೊಂಚಲು ಸೊಂಟದಲ್ಲೇ ಇರುತ್ತಿತ್ತು, 'ನನ್ನ ಕೀಲಿಕೈ ಎಲ್ಲಿ ಇಟ್ಟೀರಿ?' ಎಂದು ಮನೆಯೆಲ್ಲ ಹುಡುಕುತ್ತಿದ್ದರು. ಕಡೆಗೆ ಹೆತ್ತ ಮಗನ ಗುರುತನ್ನೂ ಹಿಡಿಯಲಿಲ್ಲ. ಇದನ್ನು ಮೊದಲೇ ಹೇಳುತ್ತಿರುವುದಕ್ಕೆ ಕಾರಣವಿದೆ. ನಾನು ಆಡಿದ ಒಂದು ಮಾತು ಎಷ್ಟು ಆಳಕ್ಕೆ ಹೋಗಿ ನಾಟಿತೆಂಬುದು ನಿಮಗೆ ತಿಳಿಯಬೇಕಾದರೆ ಇದು ಗೊತ್ತಿರಬೇಕು.

ನಮ್ಮ ಮನೆಯವರು ಸಹಕಾರಿ ಸಂಘವೊಂದರಲ್ಲಿ ಮೂವತ್ತು ವರ್ಷ ಲೆಕ್ಕ ಬರೆದು ನಿವೃತ್ತರಾದವರು. ನಿವೃತ್ತಿಯಾದ ಮೇಲೆ ಒಂದು ಹಳೆಯ ಕಾರು ಕೊಂಡರು. ಮುಂಜಾನೆ ನನ್ನನ್ನು ಶಾಲೆಗೆ ಬಿಡುವುದು, ಸಂಜೆ ಕರೆತರುವುದು ಅವರ ಹೊಸ ನೌಕರಿ. ಗಾಡಿ ಹಳೆಯದಾದರೂ ರಿಮೋಟಿನ ಕೀಲಿ ಇತ್ತು. ಗುಂಡಿ ಒತ್ತಿದರೆ ದೀಪ ಮಿಣುಕಿ 'ಟಕ್' ಎಂದು ನಾಲ್ಕೂ ಬಾಗಿಲು ಭದ್ರವಾಗುತ್ತಿದ್ದವು. ಮೊದಮೊದಲು ಓಣಿಯ ಹುಡುಗರು ಅದನ್ನು ನೋಡಲೆಂದೇ ಸಂಜೆ ನಮ್ಮ ಕಟ್ಟೆಯ ಮೇಲೆ ಬಂದು ಕೂಡುತ್ತಿದ್ದರು.

ಹೋದ ವರ್ಷ ಕಬ್ಬಿನ ಹಂಗಾಮು ಸುರುವಾದಾಗಿನ ಮಾತು. ಒಂದು ಮುಂಜಾನೆ ಅವರು ಗುಂಡಿ ಒತ್ತುವ ಮೊದಲೇ ನಾನು ನನ್ನ ಕಡೆಯ ಬಾಗಿಲ ಹಿಡಿಕೆ ಜಗ್ಗಿದೆ. ತೆರೆದುಕೊಂಡಿತು. ರಾತ್ರಿಯೆಲ್ಲ ಗಾಡಿ ಬಾಗಿಲು ಬಿಟ್ಟುಕೊಂಡು ನಿಂತಿತ್ತು! ಹಿಂದಿನ ಸೀಟಿನಲ್ಲಿ ಮಕ್ಕಳ ಉತ್ತರ ಪತ್ರಿಕೆಯ ಕಟ್ಟು ಬೇರೆ. ಪುಣ್ಯಕ್ಕೆ ಕಟ್ಟು ಇದ್ದಲ್ಲಿಯೇ ಇತ್ತು. ಆದರೆ ನನ್ನ ಎದೆ ಇದ್ದಲ್ಲಿ ಇರಲಿಲ್ಲ.

"ಕೀಲಿ ಹಾಕಿಲ್ಲೇನ್ರಿ?"

"ಹಾಕೀನಿ. ಹಿಡಿಕಿ ಜಗ್ಗಿ ನೋಡೀನಿ."

ನಾಲ್ಕು ದಿನಕ್ಕೆ ಮತ್ತೆ ಹಾಗೇ ಆಯಿತು. ವಾರಕ್ಕೆ ಮತ್ತೊಮ್ಮೆ. ಪ್ರತಿ ಸಲವೂ ಅವರದು ಅದೇ ಉತ್ತರ. "ಗಾಡಿಯೊಳಗ ಏನೋ ಐಬು ಐತಿ" ಎಂದು ಒಮ್ಮೆ ಮೆಲ್ಲಗೆ ಹೇಳಿದರು. ನಾನು ಬಿಡಬೇಕಲ್ಲ? "ಕುಣಿಯಲಾರದಾಕಿ ನೆಲ ಡೊಂಕು ಅಂದಳಂತ" ಎಂದುಬಿಟ್ಟೆ. ಅಷ್ಟಕ್ಕೂ ಸುಮ್ಮನಾಗಲಿಲ್ಲ. ಅಂದು ರಾತ್ರಿ ಪುಣೆಯಿಂದ ಮಗ ಫೋನ್ ಮಾಡಿದಾಗ, ಅವರು ಅಲ್ಲೇ ಕೂತಿರುವಾಗಲೇ, "ನಿಮ್ಮ ಅಪ್ಪಗ ಮರವು ಸುರು ಆಗೇತಪ್ಪ, ಅಜ್ಜಿಗತೆ" ಎಂದೆ. ಮಗ ಗಾಬರಿಯಾಗಿ, ಡಾಕ್ಟರಿಗೆ ತೋರಿಸೋಣ ಎಂದ. ಅವರು ಒಂದು ಮಾತೂ ಆಡದೆ ಎದ್ದು ಹೊರಗೆ ಹೋದರು.

ಆಮೇಲೆ ಹದಿನೈದು ದಿನ ಗಾಡಿಯ ಬಗ್ಗೆ ಮನೆಯಲ್ಲಿ ಮಾತಿಲ್ಲ. ಒಂದು ರವಿವಾರ ಬಟ್ಟೆ ನೆನೆಹಾಕಲು ಅವರ ಅಂಗಿಯ ಕಿಸೆ ತಡವಿದೆ. ಮಡಚಿದ ಚೀಟಿಯೊಂದು ಸಿಕ್ಕಿತು. ಅದೇ ಲೆಕ್ಕದ ಪುಸ್ತಕದ ದುಂಡಗಿನ ಅಕ್ಷರ: 'ಸೋಮವಾರ ರಾತ್ರಿ 9-10, ಕೀಲಿ ಹಾಕಿದೆ, ಜಗ್ಗಿ ನೋಡಿದೆ. ಮಂಗಳವಾರ ರಾತ್ರಿ 8-50, ಹಾಕಿದೆ, ಜಗ್ಗಿದೆ.' ಹೀಗೇ ಆರು ದಿನದ್ದು. ನನ್ನ ಕಾಲೊಳಗಿನ ಶಕ್ತಿ ಹೋದಂತಾಯಿತು. ಅವರು ಆ ಚೀಟಿಯನ್ನು ನನಗೆ ತೋರಿಸಲೆಂದು ಬರೆದಿರಲಿಲ್ಲ. ತಮಗೆ ತಾವೇ ಸಾಕ್ಷಿ ಬರೆದುಕೊಂಡಿದ್ದರು. ಅವ್ವನ ಗತಿ ತಮಗೂ ಬಂತೇನೋ ಎಂದು ಆ ಮನುಷ್ಯ ಒಬ್ಬರೇ ಅಂಜುತ್ತಿದ್ದರು.

ಚೀಟಿಯನ್ನು ಒಗೆದ ಅಂಗಿಯ ಕಿಸೆಯಲ್ಲಿಟ್ಟು, ನಾನೊಂದು ನೂರು ಪುಟದ ವಹಿ ತೆಗೆದೆ. ಶಾಲೆಯಲ್ಲಿ ಹುಡುಗ ಲೆಕ್ಕ ತಪ್ಪಿದರೆ ಮೊದಲು ಯಾವ ಹೆಜ್ಜೆಯಲ್ಲಿ ತಪ್ಪಿದ ಎಂದು ನೋಡುತ್ತೇವೆ. ಮನೆಯಲ್ಲಿ ಮಾತ್ರ ನೇರವಾಗಿ ಹುಡುಗನನ್ನೇ ಬೈದಿದ್ದೆ. ವಹಿಯಲ್ಲಿ ಗೆರೆ ಹೊಡೆದು ಮನೆ ಮಾಡಿದೆ: ತಾರೀಖು, ಯಾವ ರಿಮೋಟು, ಎಷ್ಟು ಹೆಜ್ಜೆ ದೂರ, ಯಾವ ಯಾವ ಬಾಗಿಲು ಬಿತ್ತು. "ಗಾಡಿ ಪರೀಕ್ಷೆ ಮಾಡೂಣು ಬರ್ರಿ" ಎಂದು ಕರೆದೆ. ಅವರು ನನ್ನ ಮುಖ ನೋಡಿದರು, ಚಪ್ಪಲಿ ಮೆಟ್ಟಿಕೊಂಡು ಬಂದರು.

ಮೊದಲು ರಿಮೋಟು. ಅದು ಟಿ.ವಿ. ರಿಮೋಟಿನಂತೆ ಬೆಳಕು ಬಿಡುವುದಲ್ಲ, ಒಂದು ಪುಟ್ಟ ರೇಡಿಯೋ. ನಮ್ಮ ದೇಶದಲ್ಲಿ ಸಾಮಾನ್ಯವಾಗಿ 433 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಮಾತಾಡುತ್ತದೆ. ಒತ್ತಿದಾಗೊಮ್ಮೆ ಹೊಸ ಗುಪ್ತಸಂಖ್ಯೆ ಕಳಿಸುತ್ತದೆ. ಇದರಿಂದಾಗಿ ಒಮ್ಮೆ ಕದ್ದು ಕೇಳಿಸಿಕೊಂಡ ಸಂಖ್ಯೆಯಿಂದ ಮತ್ತೊಮ್ಮೆ ಬಾಗಿಲು ತೆರೆಯುವುದು ಸುಲಭವಲ್ಲ. ನಮ್ಮ ರಿಮೋಟು ಐದು ಹೆಜ್ಜೆಯ ಆಚೆಯಿಂದ ಕೆಲಸ ಮಾಡಲಿಲ್ಲ. ಒಳಗೆ 2032 ಎಂಬ ಬಿಲ್ಲೆಯಂಥ ಸೆಲ್ಲು. ಆ ಸಂಖ್ಯೆಗೂ ಅರ್ಥವಿದೆ: 20 ಮಿ.ಮೀ. ಅಗಲ, 3.2 ಮಿ.ಮೀ. ದಪ್ಪ. ಶಕ್ತಿ 3 ವೋಲ್ಟ್. ಮೂಡಲಗಿಯಿಂದ ಹೊಸದು ತಂದು, ಅಕ್ಷರವಿರುವ ಬದಿ ಧನ ಎಂದು ನೋಡಿಕೊಂಡು ಕೂಡಿಸಿದೆವು. ಇಪ್ಪತ್ತು ಹೆಜ್ಜೆಯಿಂದಲೂ ಟಕ್ ಎಂದಿತು. (ಹಳೆಯ ಸೆಲ್ಲನ್ನು ಎಲ್ಲೆಂದರಲ್ಲಿ ಬಿಸಾಡಬೇಡಿ, ತಾಯಂದಿರೇ. ಕೂಸು ನುಂಗಿದರೆ ಎರಡೇ ತಾಸಿನಲ್ಲಿ ಅನ್ನನಾಳ ಸುಟ್ಟೀತು.) ರೋಗ ಹೋಯಿತು ಎಂದುಕೊಂಡೆವು. ಮೂರನೆಯ ದಿನ ನನ್ನ ಬಾಗಿಲು ಮತ್ತೆ ತೆರೆದೇ ಇತ್ತು!

ಆಗ ಕಪಾಟಿನಲ್ಲಿದ್ದ ಎರಡನೆಯ ರಿಮೋಟು ತೆಗೆದೆವು. ಅದರಲ್ಲೂ ಅದೇ ಹಾಡು. ಅಂದರೆ ತಪ್ಪು ಕೈಯಲ್ಲಿರುವುದರಲ್ಲಿಲ್ಲ, ಗಾಡಿಯಲ್ಲಿದೆ. ಒಂದು ಅಂಗಡಿಯವರು ರಿಮೋಟನ್ನೇ ಬದಲಿಸಬೇಕು, ಕೆಲವು ಸಾವಿರ ಆಗುತ್ತದೆ ಎಂದಿದ್ದರು. ಈ ಒಂದು ಪರೀಕ್ಷೆಯಿಂದ ಅಷ್ಟೂ ಹಣ ಉಳಿಯಿತು.

ದಿನವೂ ನಾಲ್ಕೂ ಹಿಡಿಕೆ ಜಗ್ಗಿ ಬರೆಯುತ್ತ ಹೋದೆವು. ವಹಿ ತಾನೇ ಮಾತಾಡಿತು. ಹದಿನಾಲ್ಕು ಸಲ ಕೀಲಿ ಹಾಕಿದ್ದರಲ್ಲಿ ಚಾಲಕನ ಬಾಗಿಲು, ಹಿಂದಿನ ಎರಡು ಬಾಗಿಲು ಒಮ್ಮೆಯೂ ತಪ್ಪಿರಲಿಲ್ಲ. ಮುಂದಿನ ಎಡ ಬಾಗಿಲು ಮಾತ್ರ ಐದು ಸಲ ಬಿದ್ದಿರಲಿಲ್ಲ. ದೀಪ ಮಾತ್ರ ಹದಿನಾಲ್ಕೂ ಸಲ ಮಿಣುಕಿತ್ತು. ನಮ್ಮ ಗಾಡಿಯ ದೀಪ ಹೇಳುವುದು ಅಪ್ಪಣೆ ಹೊರಟಿತು ಎಂದಷ್ಟೇ, ಎಲ್ಲರೂ ಪಾಲಿಸಿದರು ಎಂದಲ್ಲ. ಅವರು ಪ್ರತಿ ರಾತ್ರಿ ತಮ್ಮ ಬಾಗಿಲು ಜಗ್ಗಿ ನೋಡುತ್ತಿದ್ದರು. ನಾನು ಮುಂಜಾನೆ ನನ್ನ ಬಾಗಿಲು ಜಗ್ಗುತ್ತಿದ್ದೆ. ಇಬ್ಬರದೂ ಖರೆ. ಒಂದೇ ಗಾಡಿಯ ಎರಡು ಬದಿಗೆ ನಿಂತು ಇಷ್ಟು ದಿನ ಜಗಳಾಡಿದ್ದೆವು.

ವಹಿ ಹಿಡಿದುಕೊಂಡು ಗೋಕಾಕದಲ್ಲಿ ವೈರಿಂಗ್ ಕೆಲಸ ಮಾಡುವ ಹುಡುಗನೊಬ್ಬನ ಹತ್ತಿರ ಹೋದೆವು. ಅವನು ವಹಿ ಓದಿ ನಕ್ಕ. "ಅಕ್ಕಾರ, ಅರ್ಧಾ ಕೆಲಸಾ ನೀವ ಮಾಡೀರಿ" ಎಂದ. ಎಡ ಬಾಗಿಲ ತಿರುಗಣಿಯ ಹತ್ತಿರ ಬಾಗಿಲಿಗೂ ಗಾಡಿಗೂ ನಡುವೆ ಕರಿ ರಬ್ಬರಿನ ಕೊಳವೆಯಿರುತ್ತದೆ. ಬಾಗಿಲೊಳಗಿನ ಪುಟ್ಟ ಮೋಟಾರಿಗೆ ಹೋಗುವ ವೈರುಗಳು ಅದರೊಳಗಿಂದ ಹಾಯುತ್ತವೆ. ಬಾಗಿಲು ತೆಗೆದಾಗೊಮ್ಮೆ ಹಾಕಿದಾಗೊಮ್ಮೆ ಅವು ಬಾಗಿ ಬಾಗಿ, ವರ್ಷಗಳಾದ ಮೇಲೆ ಒಳಗೇ ಮುರಿಯುತ್ತವೆ. ರಬ್ಬರು ಸರಿಸಿ ತೋರಿಸಿದ. ಒಂದು ವೈರು ತುಂಡಾಗಿತ್ತು. ತುದಿಗೆ ತುದಿ ತಾಕಿದ ದಿನ ಕೀಲಿ ಬೀಳುತ್ತಿತ್ತು, ತಾಕದ ದಿನ ಇಲ್ಲ. ಹೊಸ ತುಂಡು ಸೇರಿಸಿ, ಬೆಸುಗೆ ಹಾಕಿ, ಮೇಲೆ ಕೊಳವೆ ಏರಿಸಿ ಒಂದು ತಾಸಿನಲ್ಲಿ ಮುಗಿಸಿದ. "ಈ ಬಾಗಲಾ ಯಾರೋ ಭಾಳ ಜೋರ್ ಹಾಕ್ತಾರ್ರಿ" ಎಂದ. ನಾನು ಎದುರಿಗಿದ್ದ ಬೇವಿನ ಗಿಡ ನೋಡುತ್ತ ನಿಂತೆ.

ಆ ರಾತ್ರಿ ನಾನೇ ಮಗನಿಗೆ ಫೋನ್ ಹಚ್ಚಿದೆ. ಅವರು ಅದೇ ಕುರ್ಚಿಯಲ್ಲಿ ಪೇಪರು ಹಿಡಿದು ಕೂತಿದ್ದರು. ಮಾತು ಎಲ್ಲಿ ಆಡಿದ್ದೆನೋ ಅಲ್ಲೇ ಹಿಂದಕ್ಕೆ ತೆಗೆದುಕೊಳ್ಳಬೇಕಿತ್ತು. "ಮರವು ಬಂದದ್ದು ನಿಮ್ಮ ಅಪ್ಪಗ ಅಲ್ಲಪ್ಪ, ಗಾಡಿ ಬಾಗಲಕ್ಕ ಬಂದಿತ್ತು. ಅವರು ದಿನಾ ಕೀಲಿ ಹಾಕ್ಯಾರ. ನಂದ ತಪ್ಪಾತು" ಎಂದೆ. ಪೇಪರಿನ ಹಿಂದಿನಿಂದ ಸದ್ದಿಲ್ಲ. ಬಹಳ ಹೊತ್ತು ಪುಟವೂ ತಿರುವಲಿಲ್ಲ.

ಅವರ ಕಿಸೆಯಲ್ಲಿ ಆಮೇಲೆ ಚೀಟಿ ಸಿಗಲಿಲ್ಲ. ಚೀಟಿ ಕಂಡೆನೆಂದು ನಾನೂ ಈವರೆಗೆ ಹೇಳಿಲ್ಲ. ಈಗ ರಾತ್ರಿ ಗಾಡಿ ನಿಲ್ಲಿಸಿದ ಮೇಲೆ ಬಲಗಡೆ ಅವರು, ಎಡಗಡೆ ನಾನು, ಎರಡೆರಡು ಹಿಡಿಕೆ ಜಗ್ಗಿ ಒಳಗೆ ಬರುತ್ತೇವೆ. ಇಳಿಯುವಾಗ ಅವರದು ಒಂದೇ ಮಾತು:

"ಟೀಚರ, ಬಾಗಲಾ ಸಾವಕಾಶ."