ದುರ್ಯೋಧನನಿಗೂ ಗ್ರಾಮಸಭೆಯಲ್ಲಿ ಬಾಯಿ ಕಟ್ಟುತ್ತದೆ

ನಮ್ಮ ತುಮಕೂರು, ಮಂಡ್ಯ ಕಡೆ ಕುರುಕ್ಷೇತ್ರ ನಾಟಕ ಆಡುವವರನ್ನು ನೀವು ನೋಡೇ ಇರುತ್ತೀರಿ. ಪಾರ್ಟಿಗೆ ತಾವೇ ದುಡ್ಡು ಕಟ್ಟಿ, ಊರೆಲ್ಲ ಸೇರಿದ ಜನದ ಮುಂದೆ ರಾತ್ರಿಯಿಡೀ ಗದೆ ಹಿಡಿದು ಅಬ್ಬರಿಸುತ್ತಾರೆ. ಅದೇ ದುರ್ಯೋಧನನ ಕೈಗೆ ಗ್ರಾಮಸಭೆಯಲ್ಲಿ ಮೈಕ್ ಕೊಡಿ. "ಏನಿಲ್ಲ ಬಿಡಿ ಸಾರ್, ಎಲ್ಲ ಸರಿಯಾಗೈತೆ" ಅಂತ ಹಿಂದೆ ಸರಿಯುತ್ತಾನೆ. ಅವನ ಮನೆ ನಲ್ಲಿಯಲ್ಲಿ ನೀರು ಬಂದು ವಾರವಾಗಿರುತ್ತದೆ.

ನಾವೇನೂ ಹೊರತಲ್ಲ. ಡಿಪ್ಲೊಮಾ ಮುಗಿಸಿ ಊರಿಗೆ ಬಂದಾಗಿನಿಂದ ಬೇರೆಯವರ ಮುಂದೆ ಮೈಕ್ ಹಿಡಿಯುವುದೇ ನಮ್ಮ ಕೆಲಸ. ಆದರೆ ಯಾರಾದರೂ "ಈಗ ಪತ್ರಕರ್ತರು ನಾಲ್ಕು ಮಾತಾಡ್ತಾರೆ" ಅಂದರೆ ಸಾಕು, ನಾಲಿಗೆ ಒಣಗುತ್ತದೆ, ಮೊಣಕಾಲು ನಡುಗುತ್ತದೆ. ಗಾಂಧೀಜಿಯವರೇ ಬಾಂಬೆಯ ಕೋರ್ಟಿನಲ್ಲಿ ಮೊದಲ ಕೇಸಿಗೆ ಎದ್ದು ನಿಂತಾಗ ತಲೆ ಸುತ್ತಿದಂತಾಗಿ ಕೂತುಬಿಟ್ಟರಂತೆ. ಬೇರೆ ವಕೀಲರನ್ನು ನೋಡಿಕೊಳ್ಳಿ, ನನಗೆ ಕೊಟ್ಟ 30 ರೂಪಾಯಿ ಫೀಸು ವಾಪಸ್ ತಗೊಳ್ಳಿ ಅಂದದ್ದನ್ನು ಆತ್ಮಕಥೆಯಲ್ಲಿ ಅವರೇ ಬರೆದಿದ್ದಾರೆ.

ದುರ್ಯೋಧನನಿಗೆ ನಾಟಕದಲ್ಲಿ ಯಾಕೆ ಹೆದರಿಕೆ ಇಲ್ಲ? ಹಾರ್ಮೋನಿಯಂ ಮೇಷ್ಟ್ರ ಎದುರು ತಿಂಗಳುಗಟ್ಟಲೆ ಪ್ರಾಕ್ಟೀಸ್ ಮಾಡಿರುತ್ತಾನೆ. ಮಾತು ಬರೆದಿಟ್ಟದ್ದು. ಎಲ್ಲಕ್ಕಿಂತ ಮುಖ್ಯವಾಗಿ, ಆ ಸಿಟ್ಟು ಅವನದಲ್ಲ. ಬೆಳಗಾದರೆ ಭೀಮನ ಜೊತೆಯೇ ಟೀ ಕುಡಿಯುತ್ತಾನೆ. ಗ್ರಾಮಸಭೆಯಲ್ಲಿ ಹಾಗಲ್ಲ. ಅಲ್ಲಿ ಮೆಂಬರು ದಾಯಾದಿ, ಕಂಟ್ರಾಕ್ಟರು ಭಾವಮೈದ. ನಾಳೆ ಇ-ಸ್ವತ್ತಿಗೆ ಅದೇ ಪಂಚಾಯ್ತಿ ಬಾಗಿಲಿಗೆ ಹೋಗಬೇಕು. ಅರ್ಧ ಹೆದರಿಕೆ ಮೈಕಿನದು, ಇನ್ನರ್ಧ ನಾಳೆಯದು. ಹಾಗಾಗಿ "ಧೈರ್ಯ ತಂದ್ಕೊಳ್ಳಿ" ಅನ್ನುವ ಬುದ್ಧಿಮಾತು ನಮಗೆ ಯಾವತ್ತೂ ಕೆಲಸಕ್ಕೆ ಬಂದಿಲ್ಲ.

ಮೈಕಿನ ಹೆದರಿಕೆಗೆ ನಾವು ನಾಟಕದವರ ದಾರಿಯನ್ನೇ ಹಿಡಿದೆವು. ಮೊದಲ ವಾಕ್ಯವನ್ನು ಬಾಯಿಪಾಠ ಮಾಡಿ, ಕೊಟ್ಟಿಗೆಯಲ್ಲಿ ಹಸುವಿನ ಮುಂದೆ ಗಟ್ಟಿಯಾಗಿ ಹೇಳಿದೆವು. ಹಸು ನಗುವುದಿಲ್ಲ, ಅದೊಂದು ಅನುಕೂಲ. "ವೇದಿಕೆ ಮೇಲಿರುವ ಗಣ್ಯರೇ" ಎಂಬ ಉದ್ದನೆಯ ಪಟ್ಟಿ ಬಿಟ್ಟುಬಿಟ್ಟೆವು, ಅದು ಮುಗಿಯುವಷ್ಟರಲ್ಲಿ ಉಸಿರೇ ಮುಗಿದಿರುತ್ತದೆ. ಮೊಣಕಾಲು ಈಗಲೂ ನಡುಗುತ್ತದೆ, ಮಾತು ಮಾತ್ರ ನಿಲ್ಲುವುದಿಲ್ಲ.

ನಾಳೆಯ ಹೆದರಿಕೆಗೆ ಏನು ಮಾಡಬೇಕೆಂದು ತೋರಿಸಿದ್ದು ನಾವು ವರದಿಗೆ ಹೋಗಿದ್ದ ಒಂದು ಗ್ರಾಮಸಭೆಯ ಮೂವರು ಹೆಂಗಸರು. ಒಂದೇ ಸ್ವಸಹಾಯ ಸಂಘದವರು. ಹಿಂದಿನ ರಾತ್ರಿ ಭಜನೆ ಮನೆಯಲ್ಲಿ ಕೂತು ಚೀಟಿ ಬರೆದಿದ್ದರು. ಮೂವರೂ ಒಟ್ಟಿಗೇ ಎದ್ದು ನಿಂತರು. ಓದಿದ್ದು ನಡುವಿನ ಅಕ್ಕ. "ನಮ್ ಬೀದಿಗೆ ನೀರ್ ಬಂದು ಹನ್ನೆರಡು ದಿನ ಆಯ್ತು. ವಾಲ್ವ್ ಕೆಟ್ಟೈತೆ. ಯಾವತ್ತು ರಿಪೇರಿ ಮಾಡಿಸ್ತೀರಿ, ತಾರೀಖು ಹೇಳಿ." ಚೀಟಿ ನಡುಗುತ್ತಿತ್ತು, ದನಿಯೂ ನಡುಗುತ್ತಿತ್ತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಪಿಡಿಒ "ಆಯ್ತು ನೋಡೋಣ ಕೂತ್ಕೊಳಮ್ಮ" ಅಂದರು. ಮೂವರೂ ಕೂರಲಿಲ್ಲ. "ಇದನ್ನ ನಡಾವಳಿ ಪುಸ್ತಕದಾಗೆ ಬರೀರಿ ಸಾರ್, ತಾರೀಖು ಸಮೇತ." ಬರೆದರು.

ಒಬ್ಬರೇ ನಿಂತಿದ್ದರೆ ಮರುದಿನ ಅವರ ಮನೆಗೆ ಯಾರಾದರೂ ಬುದ್ಧಿ ಹೇಳಲು ಹೋಗುತ್ತಿದ್ದರು. ಮೂರು ಮನೆಗೆ ಹೋಗುವುದು ಕಷ್ಟ. ಪುಸ್ತಕಕ್ಕೆ ಏರಿದ ಮಾತನ್ನು ಹಾಗೆ ಹೇಳೇ ಇಲ್ಲ ಅನ್ನುವುದು ಇನ್ನೂ ಕಷ್ಟ. 1993ರ ನಮ್ಮ ಪಂಚಾಯತ್ ರಾಜ್ ಕಾಯ್ದೆ ಪ್ರಕಾರ ಆರು ತಿಂಗಳಿಗೆ ಒಮ್ಮೆಯಾದರೂ ಗ್ರಾಮಸಭೆ ನಡೆಯಬೇಕು. ಮತದಾರರ ಪಟ್ಟಿಯಲ್ಲಿ ಹೆಸರಿದ್ದವರೆಲ್ಲ ಅದರ ಸದಸ್ಯರೇ, ಕರೆದು ಕೂರಿಸಿದ ನೆಂಟರಲ್ಲ.

ವಾಲ್ವ್ ರಿಪೇರಿ ಆಯಿತು, ಹೇಳಿದ ತಾರೀಖಿಗಿಂತ ಒಂಬತ್ತು ದಿನ ತಡವಾಗಿ. ಮುಂದಿನ ಸಭೆಗೆ ಅವರು ಬೀದಿದೀಪದ ಚೀಟಿ ಬರೆದಿಟ್ಟಿದ್ದಾರೆ. ಈ ಸಲ ಓದುವ ಸರದಿ ಎಡಗಡೆ ನಿಂತಿದ್ದವರದು. ದಿನಾ ಸಂಜೆ ಪ್ರಾಕ್ಟೀಸ್ ನಡೆದಿದೆಯಂತೆ.